ತರಗತಿಗೆ ಮೊದಲೇ ಗಣಿತ ಸಿಗಲಿ

ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರವಾಗಿ ಸೇರುವ ಕಾಲ ಮತ್ತೆ ಬಂದಿದೆ. ಎಸ್ಸೆಸ್ಸೆಲ್ಸಿ ನಂತರ ಮೂರು ವರ್ಷ ಪಾಲಿಟೆಕ್ನಿಕ್‌ನಲ್ಲಿ ಕಲಿತ ಇವರಿಗೆ ವರ್ಕ್‌ಶಾಪು, ಯಂತ್ರಗಳು ಚಿರಪರಿಚಿತ. ಆದರೆ ಸಹಪಾಠಿಗಳು ಪಿಯುಸಿಯಲ್ಲೂ ಮೊದಲ ವರ್ಷದಲ್ಲೂ ಅರಗಿಸಿಕೊಂಡ ಕಲನಶಾಸ್ತ್ರ ಇವರಿಗೆ ಅಷ್ಟು ದಕ್ಕಿರುವುದಿಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 2018ರ ಪಠ್ಯಕ್ರಮದಲ್ಲಿ ಇವರಿಗಾಗಿಯೇ ಮೂರು ಮತ್ತು ನಾಲ್ಕನೇ ಸೆಮಿಸ್ಟರ್‌ಗಳಲ್ಲಿ ಹೆಚ್ಚುವರಿ ಗಣಿತ ಇಟ್ಟಿದ್ದು ಈ ಕೊರತೆಯನ್ನು ಗುರುತಿಸಿಯೇ. ಕ್ರಮ ಸರಿ, ಹೊತ್ತು ಸರಿಯಲ್ಲ. ಲ್ಯಾಪ್ಲಾಸ್ ರೂಪಾಂತರದ ಪಾಠ ನಡೆಯುವ ಸೆಮಿಸ್ಟರ್‌ನಲ್ಲೇ ಅದಕ್ಕೆ ತಳಹದಿಯಾದ ಅನುಕಲನವನ್ನೂ ಕಲಿಯಬೇಕೆಂದರೆ ಎರಡೂ ಕೈತಪ್ಪುತ್ತವೆ. ಪಾಸಾಗದೆ ಬಾಕಿ ಉಳಿಯುವ ವಿಷಯಗಳು ಹೆಚ್ಚುತ್ತವೆ. ಕೈಕೆಲಸದಲ್ಲಿ ಎಲ್ಲರಿಗಿಂತ ಮುಂದಿದ್ದ ವಿದ್ಯಾರ್ಥಿಯೇ ತನ್ನ ಬುದ್ಧಿಯನ್ನು ಅನುಮಾನಿಸತೊಡಗುತ್ತಾನೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಈ ಪೆಟ್ಟು ಇನ್ನೂ ಜೋರು.

ಪ್ರವೇಶ ಪರೀಕ್ಷೆಗೂ ತರಗತಿ ಆರಂಭಕ್ಕೂ ನಡುವೆ ಸಿಗುವ ವಾರಗಳನ್ನು ಸೇತುಬಂಧ ಶಿಕ್ಷಣಕ್ಕೆ ಬಳಸಬೇಕು. ಸರ್ಕಾರಿ ಪಾಲಿಟೆಕ್ನಿಕ್‌ಗಳಲ್ಲೇ, ಶುಲ್ಕವಿಲ್ಲದೆ, ಕನ್ನಡದ ವಿವರಣೆಯೊಂದಿಗೆ ಗಣಿತ ಮತ್ತು ತಾಂತ್ರಿಕ ಇಂಗ್ಲಿಷ್ ಕಲಿಸುವ ಹೊಣೆಯನ್ನು ತಾಂತ್ರಿಕ ಶಿಕ್ಷಣ ಇಲಾಖೆ ಹೊರಬೇಕು. ಸೀಟು ಹಂಚಿಕೆಯ ವೇಳಾಪಟ್ಟಿಯ ಜೊತೆಗೇ ಇದರ ದಿನಾಂಕಗಳೂ ಪ್ರಕಟವಾಗಬೇಕು.