ಹಲ್ಲು ಕಡಿಯೋರಿಗೆ ಸೂಜಿ ಮೊದಲೋ, ಕೊನೆಗೋ?

ನಮ್ಮ ಕಡೆ ಹಲ್ಲು ಕಡಿಯೋದು ಅಂದ್ರೆ ಎರಡೇ ಅರ್ಥ. ದೊಡ್ಡವರು ಕಡಿದರೆ ಸಿಟ್ಟು, ಸಣ್ಣವರು ನಿದ್ದೆಯಲ್ಲಿ ಕಡಿದರೆ ಹೊಟ್ಟೆಯಲ್ಲಿ ಹುಳ. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲೂಕಿನ ಯಾವ ಹಳ್ಳಿಗೆ ಹೋಗಿ ಯಾವ ಆಯಿಯನ್ನ ಕೇಳಿದರೂ "ಹುಳ ಆಗ್ಯಾವ ತಗಿ, ಗುಳಿಗಿ ಕೊಡ್ರಿ" ಅಂತಲೇ ಹೇಳ್ತಾಳೆ. ಈಗ ಮೂರನೇ ಅರ್ಥವೊಂದು ಮೊಬೈಲಿನಲ್ಲಿ ಬಂದು ಕೂತಿದೆ. ಹಲ್ಲು ಕಡಿತೀರಾ? ದವಡೆ ನೋವಾ? ಒಂದು ಸೂಜಿ ಸಾಕು, ಮುಖಾನೂ ಸಣ್ಣಗಾಗುತ್ತೆ! ಅದೇ ಬೋಟಾಕ್ಸ್. ಸಿನಿಮಾ ನಟಿಯರ ಸುಕ್ಕು ತೆಗೆಯೋ ಔಷಧ ಅಂತ ಇಷ್ಟು ದಿನ ಓದಿ ನಗ್ತಿದ್ದೆವಲ್ಲ, ಅದು ಈಗ ನಮ್ಮ ತೊಗರಿ ಹೊಲದ ಬದುವಿನ ತನಕ ಬಂದಿದೆ.

ನಮ್ಮ ಕಾಕಾನ ಮಗಳೊಬ್ಬಳು ಜೇವರ್ಗಿ ತಾಲೂಕಿನ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಬೆಳಿಗ್ಗೆ ಎದ್ದರೆ ದವಡೆ ಬಿಗಿ, ಕಣತಲೆ ನೋವು. ದೊಡ್ಡ ಊರಿನ ಕ್ಲಿನಿಕ್ಕೊಂದಕ್ಕೆ ಹೋದಳು. ಅಲ್ಲಿ ಐದು ನಿಮಿಷ ನೋಡಿ ದವಡೆಗೆ ಸೂಜಿ ಹಾಕಿಸಿಕೊಳ್ಳಿ ಅಂದರಂತೆ. ನಿದ್ದೆ ಹೇಗೆ, ಗೊರಕೆ ಇದೆಯಾ, ಬೇರೆ ಗುಳಿಗೆ ಏನಾದ್ರೂ ತಗೋತೀರಾ, ಒಂದನ್ನೂ ಕೇಳಲಿಲ್ಲ. ಹೇಳಿದ ಖರ್ಚು ಅವಳ ಎರಡು ತಿಂಗಳ ಗೌರವಧನಕ್ಕಿಂತ ಜಾಸ್ತಿ. ರಾತ್ರಿ ಫೋನ್ ಮಾಡಿ "ಅಣ್ಣಾ, ಸಾಲ ಮಾಡಿ ಹಾಕಿಸ್ಕೊಳ್ಳೇನು?" ಅಂತ ಕೇಳಿದಳು. ಅವಳಿಗೆ ಉತ್ತರ ಕೊಡೋದಕ್ಕೆ ಓದಿದ್ದು, ಗೊತ್ತಿದ್ದ ವೈದ್ಯ ಗೆಳೆಯರನ್ನ ಕೇಳಿ ತಿಳಿದದ್ದು ಎಲ್ಲ ಸೇರಿಸಿ ಇಲ್ಲಿ ಬರೀತಿದ್ದೀನಿ. ನಾನು ಡಾಕ್ಟರಲ್ಲ, ಮೊದಲೇ ಹೇಳಿಬಿಡ್ತೀನಿ :-)

ಮೊದಲು ಈ ಔಷಧದ ಕಥೆ. ಕೆಟ್ಟುಹೋದ ಮಾಂಸ ತಿಂದು ಜನರಿಗೆ ಲಕ್ವಾ ಹೊಡೆದ ಹಾಗಾಗಿ ಸಾಯ್ತಿದ್ದದ್ದನ್ನ 1820ರ ದಶಕದಲ್ಲಿ ಜರ್ಮನಿಯ ಜಸ್ಟಿನಸ್ ಕೆರ್ನರ್ ಅನ್ನೋ ವೈದ್ಯ ವಿವರವಾಗಿ ಬರೆದಿಟ್ಟ. 1895ರಲ್ಲಿ ಬೆಲ್ಜಿಯಂನ ಎಮಿಲ್ ವಾನ್ ಎರ್ಮೆಂಗೆಮ್ ಅದಕ್ಕೆ ಕಾರಣವಾದ ಬ್ಯಾಕ್ಟೀರಿಯಾ ಪತ್ತೆ ಮಾಡಿದ. ಅದು ಮಾಡೋ ವಿಷವೇ ಬೋಟುಲಿನಂ. ನರದ ತುದಿಯಿಂದ ಸ್ನಾಯುವಿಗೆ ಹೋಗಬೇಕಾದ ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕ ಸಂದೇಶವನ್ನ ಅದು ತಡೆದುಬಿಡುತ್ತೆ. ಹೆಚ್ಚಾದರೆ ಉಸಿರೇ ನಿಲ್ಲುತ್ತೆ, ಚೂರೇ ಚೂರು ಹಾಕಿದರೆ ಆ ಒಂದು ಸ್ನಾಯು ಸಡಿಲಾಗುತ್ತೆ. ಈ ಗುಣವನ್ನೇ ಹಿಡಿದು ಅಮೆರಿಕದ ಕಣ್ಣಿನ ಡಾಕ್ಟರ್ ಆಲನ್ ಸ್ಕಾಟ್ ಮೆಳ್ಳೆಗಣ್ಣಿಗೆ ಚಿಕಿತ್ಸೆ ಕಂಡುಹಿಡಿದರು. 1989ರಲ್ಲಿ ಅಮೆರಿಕ ಸರ್ಕಾರ ಅದಕ್ಕೆ ಒಪ್ಪಿಗೆ ಕೊಟ್ಟಿತು. ಹುಬ್ಬಿನ ನಡುವಿನ ಸುಕ್ಕಿಗೆ ಒಪ್ಪಿಗೆ ಬಂದದ್ದು 2002ರಲ್ಲಿ, ಬಿಡದ ಮೈಗ್ರೇನಿಗೆ 2010ರಲ್ಲಿ. ಹಲ್ಲು ಕಡಿಯೋದಕ್ಕೆ ಮಾತ್ರ ಅಲ್ಲಿ ಇನ್ನೂ ಒಪ್ಪಿಗೆ ಇಲ್ಲ. ಒಪ್ಪಿಗೆ ಇಲ್ಲದ್ದಕ್ಕೆ ಬಳಸಲೇಬಾರದು ಅಂತಲ್ಲ, ವೈದ್ಯರು ತಮ್ಮ ವಿವೇಚನೆಯಿಂದ ಬಳಸ್ತಾರೆ. ಆದರೆ ಅದನ್ನ ರೋಗಿಗೆ ಬಾಯಿಬಿಟ್ಟು ಹೇಳಬೇಕು ತಾನೇ?

ದವಡೆಯ ಎರಡೂ ಕಡೆ ಮ್ಯಾಸೆಟರ್ ಅನ್ನೋ ದಪ್ಪ ಸ್ನಾಯು ಇದೆ. ಹಲ್ಲು ಕಚ್ಚಿ ಕೆನ್ನೆ ಮುಟ್ಟಿಕೊಳ್ಳಿ, ಗಟ್ಟಿಯಾಗಿ ಉಬ್ಬುತ್ತಲ್ಲ, ಅದೇ. ಸೂಜಿ ಹಾಕೋದು ಅಲ್ಲಿಗೆ. ಕೆಲವು ದಿನಗಳಲ್ಲಿ ಬಿಗಿ ಸಡಿಲಾಗುತ್ತೆ, ನೋವು ಇಳಿಯುತ್ತೆ. ಕೆಲವರಿಗೆ ನಿಜವಾಗಿ ಉಪಕಾರ ಆಗುತ್ತೆ, ಇದನ್ನ ನಾನು ಅಲ್ಲಗಳೆಯೋಲ್ಲ. ಆದರೆ ಜಾಹೀರಾತು ಹೇಳದ ಮಾತು ಮೂರಿವೆ.

ಒಂದು, ನಿದ್ದೆಯಲ್ಲಿ ಹಲ್ಲು ಕಡಿಯೋ ಆಜ್ಞೆ ಹೊರಡೋದು ದವಡೆಯಿಂದಲ್ಲ, ಮೆದುಳಿನಿಂದ. ನಿದ್ದೆ ಅರೆಕ್ಷಣ ತೆಳುವಾದಾಗ ದವಡೆ ತಾನಾಗಿ ಆಡುತ್ತೆ. ಸೂಜಿ ಹಾಕಿದ ಮೇಲೂ ಕಡಿಯೋ ಸಲಗಳು ಅಷ್ಟೇನೂ ಕಡಿಮೆಯಾಗಲ್ಲ, ಕಡಿತದ ಜೋರು ಕಡಿಮೆಯಾಗುತ್ತೆ ಅಂತ ನಿದ್ದೆಯಲ್ಲಿ ಅಳೆದು ನೋಡಿದವರು ಹೇಳ್ತಾರೆ. ಬಾವಿಯ ನೀರು ಹಾಗೇ ಇದೆ, ಹಗ್ಗ ಮಾತ್ರ ತೆಳುವಾಯ್ತು.

ಎರಡು, ಇದರ ಪರಿಣಾಮ ಮೂರು ನಾಲ್ಕು ತಿಂಗಳು ಅಷ್ಟೇ. ಆಮೇಲೆ ನರದ ತುದಿ ಮತ್ತೆ ಕೆಲಸ ಶುರು ಮಾಡುತ್ತೆ. ಅಂದ್ರೆ ಖರ್ಚು ಒಂದು ಸಲದ್ದಲ್ಲ, ವರ್ಷಕ್ಕೆ ಎರಡು ಮೂರು ಸಲದ್ದು. ಸಾಲ ಮಾಡಿ ಹಾಕಿಸಿಕೊಂಡರೆ ಸಾಲ ತೀರೋ ಮೊದಲೇ ಸೂಜಿ ತೀರಿರುತ್ತೆ!

ಮೂರು, ಅಗಿಯೋ ಶಕ್ತಿ ಕುಂದುತ್ತೆ. ಮೆತ್ತಗಿನ ಬ್ರೆಡ್ಡು, ಪಾಸ್ತಾ ತಿನ್ನೋರಿಗೆ ಇದು ದೊಡ್ಡ ಮಾತಲ್ಲ. ಆದರೆ ನಾವು? ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ. ಕಡಲೆ ಇದ್ದಾಗ ಹಲ್ಲಿಲ್ಲ ಅನ್ನೋ ಗಾದೆಗೆ ಹಲ್ಲಿದ್ದೂ ದವಡೆ ಇಲ್ಲ ಅಂತ ಸೇರಿಸಬೇಕಾಗುತ್ತೆ. ಕೆಲವರಿಗೆ ನಗು ಒಂದು ಕಡೆ ಸೊಟ್ಟ ಆಗೋದೂ ಉಂಟು. ಮತ್ತೆ ಮತ್ತೆ ಹಾಕಿಸಿಕೊಂಡರೆ ದವಡೆಯ ಎಲುಬು ತೆಳುವಾದೀತಾ ಅನ್ನೋ ಪ್ರಶ್ನೆಯೂ ಇದೆ. ಪ್ರಾಣಿಗಳಲ್ಲಿ ಹಾಗೆ ಕಂಡಿದೆ, ಮನುಷ್ಯರ ವಿಷಯದಲ್ಲಿ ಇನ್ನೂ ಚರ್ಚೆ ನಡೀತಿದೆ. ಬಸುರಿಯರು, ಎಳೆ ಕೂಸಿಗೆ ಹಾಲೂಡಿಸೋರು, ಮಯಸ್ತೇನಿಯಾದಂಥ ಸ್ನಾಯು ದುರ್ಬಲವಾಗೋ ಕಾಯಿಲೆ ಇದ್ದೋರು ಇದರಿಂದ ದೂರ ಇರೋದೇ ಒಳ್ಳೇದು.

ಇನ್ನು ನಮ್ಮ ಬಿಸಿಲು. ಈ ಔಷಧದ ಸೀಸೆಯನ್ನ 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಏಪ್ರಿಲ್ ಮೇ ತಿಂಗಳಲ್ಲಿ ಕಲಬುರಗಿ 42 ಡಿಗ್ರಿ ದಾಟಿ ಕಾಯುತ್ತೆ, ಕರೆಂಟ್ ಕಥೆ ನಿಮಗೇ ಗೊತ್ತು. ಸೀಸೆ ಯಾವ ಕಂಪನಿಯದು, ಎಲ್ಲಿಂದ ಬಂತು, ಫ್ರಿಜ್ಜಿನಲ್ಲಿತ್ತಾ, ಎಷ್ಟು ಯೂನಿಟ್ ಹಾಕ್ತೀರಿ ಅಂತ ಕೇಳೋ ಹಕ್ಕು ನಮಗಿದೆ. ಒಂದು ಕಂಪನಿಯ ಯೂನಿಟ್ಟೂ ಇನ್ನೊಂದರ ಯೂನಿಟ್ಟೂ ಒಂದೇ ಅಲ್ಲ. 2024ರಲ್ಲಿ ಅಮೆರಿಕದಂಥ ದೇಶದಲ್ಲೇ ನಕಲಿ ಬೋಟಾಕ್ಸ್ ಸಿಕ್ಕಿಬಿದ್ದು, ಸೂಜಿ ಹಾಕಿಸಿಕೊಂಡು ಜನ ಆಸ್ಪತ್ರೆ ಸೇರಿದರು. ನಮ್ಮಲ್ಲಿ ಹಾಗಾಗಲ್ಲ ಅಂತ ಯಾವ ಧೈರ್ಯದ ಮೇಲೆ ಹೇಳೋಣ?

ಹಾಗಾದ್ರೆ ಹಲ್ಲು ಕಡಿಯೋರು ಏನು ಮಾಡಬೇಕು? ನನ್ನ ಅಭಿಪ್ರಾಯ ನೇರ: ಸೂಜಿ ಕೊನೆಯ ಮೆಟ್ಟಿಲು, ಮೊದಲನೇದಲ್ಲ.

ಮೊದಲನೇ ಮೆಟ್ಟಿಲು ನೈಟ್ ಗಾರ್ಡ್. ಹಲ್ಲಿನ ಅಚ್ಚು ತೆಗೆದು ಮಾಡೋ ಗಟ್ಟಿ ಪ್ಲಾಸ್ಟಿಕ್ ಕವಚ. ರಾತ್ರಿ ಹಾಕ್ಕೊಂಡು ಮಲಗಿದರೆ ಹಲ್ಲಿನ ಬದಲು ಅದು ಸವೆಯುತ್ತೆ. ಅದೂ ಹಲ್ಲು ಕಡಿಯೋದನ್ನ ನಿಲ್ಲಿಸಲ್ಲ, ಆದರೆ ಹಲ್ಲನ್ನ ಉಳಿಸುತ್ತೆ. ಸರಿಯಾಗಿ ನೋಡಿಕೊಂಡರೆ ಸೂಜಿಯಂತೆ ನಾಲ್ಕು ತಿಂಗಳಿಗೆ ಮುಗಿದು ಹೋಗಲ್ಲ. ಇದಕ್ಕೆ ಬೆಂಗಳೂರಿಗೆ ಓಡಬೇಕಿಲ್ಲ. ಕಲಬುರಗಿಯಲ್ಲೇ ಎಚ್‌ಕೆಇ ಸಂಸ್ಥೆಯ ದಂತ ಕಾಲೇಜಿದೆ, ಅಲ್ ಬದರ್ ಇದೆ, ಇಎಸ್‌ಐಸಿ ದಂತ ಕಾಲೇಜಿದೆ. ಆಳಂದದಿಂದ, ಜೇವರ್ಗಿಯಿಂದ ಸುಮಾರು 40 ಕಿಲೋಮೀಟರ್, ಅಫಜಲಪುರದವರಿಗೆ ಇನ್ನೊಂದಿಷ್ಟು ದೂರ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಚಾರ್ಜೂ ಇಲ್ಲ. ನಮ್ಮ ತಂಗಿ ಹಾಗೇ ಬಸ್ ಹತ್ತಿ ಒಂದು ದಂತ ಕಾಲೇಜಿಗೆ ಹೋಗಿ ಗಾರ್ಡ್ ಮಾಡಿಸಿಕೊಂಡು ಬಂದಳು. ಮೊದಲ ವಾರ "ಬಾಯಾಗ ಎತ್ತಿನ ಕುಕ್ಕಿ ಕಟ್ಟಿದಂಗ ಆಗ್ತದ" ಅಂತ ಬೈದಳು, ಆಮೇಲೆ ಹೊಂದಿಕೊಂಡಳು.

ಎರಡನೇ ಮೆಟ್ಟಿಲು ಕಾರಣ ಹುಡುಕೋದು. ಸಂಜೆ ಮೇಲೆ ಚಹಾ ಮೇಲೆ ಚಹಾ, ತಂಬಾಕು, ಕುಡಿತ ಇವೆಲ್ಲ ಹಲ್ಲು ಕಡಿತವನ್ನ ಹೆಚ್ಚಿಸ್ತಾವೆ. ಮನಸ್ಸಿನ ಕಾಯಿಲೆಗೆ ಕೊಡೋ ಕೆಲವು ಗುಳಿಗೆಗಳಿಂದಲೂ ಆಗುತ್ತೆ, ಆದರೆ ಹಾಗಂತ ಗುಳಿಗೆ ತಾವೇ ಬಿಡಬಾರದು, ಕೊಟ್ಟ ಡಾಕ್ಟರನ್ನ ಕೇಳಬೇಕು. ಜೋರು ಗೊರಕೆ, ನಡುರಾತ್ರಿ ಉಸಿರು ಕಟ್ಟೋದು ಇದ್ದರೆ ಅದನ್ನೇ ಮೊದಲು ತೋರಿಸಬೇಕು. ಇನ್ನೊಂದು ಬಹಳ ಮುಖ್ಯ. ಕರ್ನಾಟಕದಲ್ಲಿ 2013ರಲ್ಲೇ ಗುಟಕಾ ನಿಷೇಧ ಆಯ್ತು, ಆದರೂ ನಮ್ಮ ಹುಡುಗರ ಬಾಯಿಂದ ಹೋಗಲಿಲ್ಲ. ಗುಟಕಾ, ಅಡಕೆ ತಿಂದು ತಿಂದು ಬಾಯಿ ಒಳಗಿನ ಚರ್ಮ ಬಿಗಿದು, ಬಾಯಿ ತೆರೆಯೋದೇ ಕಷ್ಟ ಆಗೋ ಕಾಯಿಲೆ ಇದೆ. ಅದು ಮುಂದೆ ಕ್ಯಾನ್ಸರಿಗೆ ತಿರುಗಬಹುದು. ಅಂಥವನು "ದವಡಿ ಬಿಗೀತದ್ರಿ" ಅಂತ ಬಂದಾಗ ಬಾಯಿ ತೆರೆಸಿ ನೋಡದೆ ಸೂಜಿಯ ಮಾತಾಡಿದರೆ ಅದಕ್ಕಿಂತ ಅನ್ಯಾಯ ಬೇರೆ ಇಲ್ಲ.

ಮಕ್ಕಳ ವಿಷಯಕ್ಕೆ ಬಂದರೆ, ಬಹಳಷ್ಟು ಮಕ್ಕಳು ಬೆಳೀತಾ ಬೆಳೀತಾ ತಾವಾಗೇ ಬಿಡ್ತಾರೆ. ಹುಳಕ್ಕೂ ಹಲ್ಲು ಕಡಿಯೋದಕ್ಕೂ ಇರೋ ನಂಟು ಗಟ್ಟಿಯಾಗಿ ಸಾಬೀತಾಗಿಲ್ಲ. ಶಾಲೆಯಲ್ಲಿ ಕೊಡೋ ಹುಳದ ಗುಳಿಗೆ ಬೇರೆ ಕಾರಣಕ್ಕೆ ಒಳ್ಳೇದು, ತಪ್ಪಿಸಬೇಡಿ. ಹಲ್ಲು ಕಡಿಯೋದು ನಿಲ್ಲಲಿಲ್ಲ ಅಂತ ಮತ್ತೆ ಮತ್ತೆ ಕೊಡಲೂಬೇಡಿ.

ಇನ್ನು ಮನಸ್ಸಿನ ಒತ್ತಡ. ಹಗಲಿನಲ್ಲಿ ಗೊತ್ತಿಲ್ಲದೇ ಹಲ್ಲು ಬಿಗಿಹಿಡಿಯೋದಕ್ಕೂ ಒತ್ತಡಕ್ಕೂ ಹತ್ತಿರದ ನಂಟಿದೆ. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಯ ನದಿ ದಂಡೆಯ ಊರುಗಳು ಮುಳುಗಿದವು. 2022ರಲ್ಲಿ ನೆಟೆ ರೋಗ ಬಂದು ತೊಗರಿ ನಿಂತಲ್ಲೇ ಒಣಗಿತು. ಮನೆಯ ಗಂಡಸರು ಪುಣೆ, ಮುಂಬೈ, ಹೈದರಾಬಾದಿಗೆ ಗುಳೆ ಹೋಗ್ತಾರೆ, ಉಳಿದ ಹೆಣ್ಣುಮಕ್ಕಳು ಹಲ್ಲು ಕಚ್ಚಿಕೊಂಡು ಮನೆ ನಡೆಸ್ತಾರೆ. "ಹಲ್ಲು ಕಚ್ಚಿ ತಡಕೋ" ಅಂತ ಹೇಳಿ ಹೇಳಿ ಬೆಳೆಸಿದವರು ನಾವೇ, ಈಗ ಆ ಹಲ್ಲು ಸವೆದರೆ ತಪ್ಪು ದವಡೆಯದಾ? ಇಂಥವರಿಗೆ ಮಾತಾಡೋದಕ್ಕೆ ಒಬ್ಬರು ಬೇಕು. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ನಂಬರು 14416, ಉಚಿತ, ಕನ್ನಡದಲ್ಲೂ ಮಾತಾಡಬಹುದು. ಅದರ ಜಾಹೀರಾತು ಮಾತ್ರ ಸೂಜಿಯ ಜಾಹೀರಾತಿನಷ್ಟು ಕಣ್ಣಿಗೆ ಬೀಳಲ್ಲ.

ನನ್ನ ತಕರಾರು ಔಷಧದ ಮೇಲಲ್ಲ. ಇದೇ ಬೋಟುಲಿನಂ ಲಕ್ವಾ ಹೊಡೆದು ಕೈ ಮುದುಡಿದವರಿಗೆ, ಸೆರೆಬ್ರಲ್ ಪಾಲ್ಸಿಯಿಂದ ಕಾಲು ಸೆಟೆದುಕೊಂಡ ಮಕ್ಕಳಿಗೆ ನಿಜವಾದ ಆಸರೆ. ನಮ್ಮ ಮೂರು ತಾಲೂಕಿನಲ್ಲಿ ಅಂಥ ಮಕ್ಕಳು ಎಷ್ಟೋ ಇದ್ದಾರೆ, ಅವರ ತಾಯಂದಿರಿಗೆ ಇಂಥದ್ದೊಂದು ಇದೆ ಅಂತಲೇ ಗೊತ್ತಿಲ್ಲ. ಬೇಕಾದವರಿಗೆ ಸುದ್ದಿಯೇ ಮುಟ್ಟಲ್ಲ, ಬೇಡದವರ ಮೊಬೈಲಿಗೆ ದಿನಾ ಮುಟ್ಟುತ್ತೆ. ಸಿಟ್ಟು ಬರೋದು ಇದಕ್ಕೆ.

ಸರ್ಕಾರದ ಮೇಲೂ ಒಂದು ಮಾತು. ದಂತ ಭಾಗ್ಯ ಅಂತ ಯೋಜನೆ ತಂದು ಬಡ ಹಿರಿಯರಿಗೆ ಪುಕ್ಕಟೆ ಹಲ್ಲಿನ ಸೆಟ್ ಕೊಟ್ಟಿದ್ದು ಒಳ್ಳೇ ಕೆಲಸ. ಆದರೆ ಹಲ್ಲೆಲ್ಲ ಹೋದ ಮೇಲೆ ಸೆಟ್ ಕೊಡೋ ಬದಲು, ಹಲ್ಲು ಇರುವಾಗಲೇ ತಾಲೂಕು ಆಸ್ಪತ್ರೆಯಲ್ಲಿ ಅಚ್ಚು ತೆಗೆದು ನೈಟ್ ಗಾರ್ಡ್ ಕೊಡೋ ವ್ಯವಸ್ಥೆ ಮಾಡಬಾರದಾ? ಕಲಬುರಗಿಯ ದಂತ ಕಾಲೇಜುಗಳ ಜತೆ ಸೇರಿದರೆ ಆಗದ ಕೆಲಸವೇನೂ ಅಲ್ಲ.

ಗಾರ್ಡ್ ಹಾಕಿ, ಕಾರಣ ಹುಡುಕಿ, ವ್ಯಾಯಾಮ ಮಾಡಿ ಏನೂ ಆಗದೇ ನೋವಿನಲ್ಲೇ ಒದ್ದಾಡೋರು ಇದ್ದಾರೆ. ಅವರು ಬಲ್ಲ ವೈದ್ಯರ ಹತ್ತಿರ, ಎಲ್ಲ ತಿಳಿದುಕೊಂಡು, ಕೈಯಲ್ಲಿ ದುಡ್ಡಿದ್ದರೆ ಧಾರಾಳವಾಗಿ ಸೂಜಿ ಹಾಕಿಸಿಕೊಳ್ಳಲಿ. ಸಾಲ ಮಾಡಿ, ಮುಖ ಸಣ್ಣಗಾಗುತ್ತೆ ಅನ್ನೋ ಆಸೆಗೆ ಬೇಡ.

ಬ್ಲಾಗ್ ಗೆಳೆಯರೇ, ನಿಮ್ಮ ಕಡೆ ಹಲ್ಲು ಕಡಿಯೋದಕ್ಕೆ ಏನಂತಾರೆ, ಏನು ಮದ್ದು ಮಾಡ್ತಾರೆ ತಿಳಿಸಿ. ನಿಮ್ಮಲ್ಲಿ ದಂತವೈದ್ಯರಿದ್ದರೆ ನಾನು ಬರೆದದ್ದರಲ್ಲಿ ತಿದ್ದೋದಿದ್ದರೆ ಖಂಡಿತ ತಿದ್ದಿ. ಹಲ್ಲು ಕಡಿಯದೇ ಓದ್ಕೊಳ್ತೀನಿ :-)