ನಮ್ಮ ನಿಮ್ಮಲ್ಲಿ: ತೋಟ ಅಡವಿಟ್ಟು ವೀಸಾ ಬೇಡ

ಪ್ರಶ್ನೆ: ಮಗಳು ಬೆಂಗಳೂರಿನ ಬ್ಯಾಂಕೊಂದರಲ್ಲಿ ‘ರಿಸ್ಕ್ ಅನಾಲಿಸ್ಟ್’. ಲಂಡನ್ನಿನಲ್ಲಿ ಕೆಲಸ, ವೀಸಾ ಎರಡೂ ಕೊಡಿಸ್ತೇನೆ ಅಂತ ಏಜೆಂಟನೊಬ್ಬ ಆರು ಲಕ್ಷ ಕೇಳ್ತಿದ್ದಾನೆ. ಇವರು ಅಡಿಕೆ ತೋಟ ಅಡವಿಡೋಣ ಅಂತಾರೆ. ನನಗ್ಯಾಕೋ ಧೈರ್ಯ ಸಾಲದು. ಅವಳ ಕೆಲಸ ಏನೆಂಬುದೇ ನನಗೆ ತಿಳಿಯದು.
– ಒಬ್ಬ ತಾಯಿ, ಯಲ್ಲಾಪುರ

ಉತ್ತರ: ಸೋದರಿ, ನಿಮ್ಮ ಅಳುಕು ಸರಿಯಾದದ್ದೇ. ಮಳೆ ಹಿಡಿಯುವ ಮೊದಲೇ ಅಡಿಕೆ ಕೊನೆಗೆ ಬೋರ್ಡೋ ಮದ್ದು ಹೊಡೆಸುತ್ತೀರಲ್ಲವೆ? ಕೊಳೆ ಬಂದ ಮೇಲೆ ಹೊಡೆಸಿ ಏನು ಫಲ? ಹಾಗೆಯೇ ಬ್ಯಾಂಕಿಗೆ ಎಲ್ಲಿ, ಎಷ್ಟು ನಷ್ಟ ಬಂದೀತೆಂದು ಮುಂಚೆಯೇ ಲೆಕ್ಕ ಹಾಕುವುದು ನಿಮ್ಮ ಮಗಳ ಕೆಲಸ. ಆ ಲೆಕ್ಕವನ್ನು ಈಗ ಮನೆಗೂ ಹಾಕಿ.

ಬ್ರಿಟನ್ನಿನ ಕೆಲಸದ ವೀಸಾಕ್ಕೆ ಪ್ರಾಯೋಜಕರಾಗುವುದು ಕೆಲಸ ಕೊಡುವ ಕಂಪನಿ, ಏಜೆಂಟನಲ್ಲ. ಪರವಾನಗಿ ಇರುವ ಕಂಪನಿಗಳ ಪಟ್ಟಿಯನ್ನು ಅಲ್ಲಿನ ಸರಕಾರವೇ ಪ್ರಕಟಿಸುತ್ತದೆ. ಪ್ರಾಯೋಜಕ ಪತ್ರದ ಖರ್ಚನ್ನು ಕಂಪನಿ ನೌಕರರ ತಲೆಗೆ ಕಟ್ಟುವಂತಿಲ್ಲ. ವೀಸಾ ಶುಲ್ಕ, ಆರೋಗ್ಯ ಶುಲ್ಕ ನಿಮ್ಮ ಪಾಲಿಗೆ ಬರಬಹುದು. 2025ರ ಜುಲೈಯಿಂದ ಸಾಮಾನ್ಯವಾಗಿ ವರ್ಷಕ್ಕೆ 41,700 ಪೌಂಡಿಗೆ ಕಡಿಮೆಯಿಲ್ಲದ ಸಂಬಳವೂ ಬೇಕು. ನೇಮಕಾತಿ ಪತ್ರದಲ್ಲಿ ಅದನ್ನು ನೋಡಿ.

ನಮ್ಮಲ್ಲಿ 1983ರ ವಲಸೆ ಕಾಯ್ದೆಯ ನಿಯಮದಂತೆ, ನೋಂದಾಯಿತ ಏಜೆಂಟರೂ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಗಿಂತ ಹೆಚ್ಚು ಸೇವಾ ಶುಲ್ಕ ಕೇಳುವಂತಿಲ್ಲ. ಆತನ ನೋಂದಣಿ ಸಂಖ್ಯೆ ಕೇಳಿ, ವಿದೇಶಾಂಗ ಇಲಾಖೆಯ ‘ಇ-ಮೈಗ್ರೇಟ್’ನಲ್ಲಿ ತಾಳೆ ನೋಡಿಸಿ. ಸಂಖ್ಯೆ ಕೇಳಿದ ಕೂಡಲೇ ಮಾತು ಮರೆಸಿದರೆ ಅಲ್ಲಿಗೇ ಬಿಡಿ.

ಮಗಳನ್ನು ಮಾತ್ರ ತಡೆಯಬೇಡಿ. ‘ಎಫ್‌ಆರ್‌ಎಂ’ ಎಂಬ ಎರಡು ಭಾಗಗಳ ಪರೀಕ್ಷೆಗೆ ಈ ವೃತ್ತಿಯಲ್ಲಿ ಹೊರದೇಶಗಳಲ್ಲೂ ಬೆಲೆಯುಂಟು. ಅದನ್ನು ಕಟ್ಟಲಿ, ಕಂಪನಿಗಳಿಗೆ ನೇರವಾಗಿ ಅರ್ಜಿ ಹಾಕಲಿ. ಈಗಿನ ಬ್ಯಾಂಕಿಗೆ ಹೊರದೇಶದಲ್ಲಿ ಶಾಖೆಯಿದ್ದರೆ ವರ್ಗವನ್ನೂ ಕೇಳಲಿ.

ಶಿರಸಿ, ಸಿದ್ದಾಪುರದ ಸೋದರಿಯರಿಗೂ ಇದೇ ಉತ್ತರ. ಕೆಲಸ ಇಂದಲ್ಲ ನಾಳೆ ಸಿಕ್ಕೀತು, ಹೋದ ತೋಟ ಮರಳಿ ಬಾರದು. ಈ ಪುಟವನ್ನು ಯಜಮಾನರಿಗೂ ಓದಲು ಕೊಡಿ.