ಕೆಟ್ಟ ಏಸಿಯೂ ಹದಿಮೂರು ರಾತ್ರಿಗಳ ಲೆಕ್ಕವೂ

ಈ ಸಲದ ಬೇಸಿಗೆಯ ಆರಂಭದಲ್ಲಿ ನಮ್ಮ ಮನೆಯ ಏಸಿ ಕೆಟ್ಟಿತು. ಇದರಲ್ಲಿ ಬರೆಯುವಂಥದ್ದೇನಿದೆ ಎಂದು ನನ್ನ ಹಳೆಯ ವಿದ್ಯಾರ್ಥಿಗಳು ನಗಬಹುದು. ಮೂವತ್ತು ವರ್ಷ ವಿಜ್ಞಾನ ಕಲಿಸಿದವನೊಬ್ಬ ಒಂದು ಯಂತ್ರದ ಲೆಕ್ಕದಲ್ಲಿ ಹೇಗೆ ಎಡವಿದನೆಂಬುದನ್ನು ನಾನೇ ಹೇಳಿಬಿಡುವುದು ಮೇಲು.

ನಮ್ಮ ಮನೆ ಮಲ್ಪೆಯ ಕಡಲಿನಿಂದ ಮೈಲಿಯಷ್ಟು ಒಳಗಿದೆ. ಪತ್ನಿಗೆ ಉಬ್ಬಸ, ಸೆಕೆಯ ರಾತ್ರಿಗಳಲ್ಲಿ ನಿದ್ದೆಯೇ ಇಲ್ಲವೆಂದಾದಾಗ, 2011ರಲ್ಲಿ, ಒಂದೂವರೆ ಟನ್ನಿನ ಏಸಿ ಹಾಕಿಸಿದ್ದೆ. ಈಗ ಬಂದ ಮೆಕ್ಯಾನಿಕ್ ನನ್ನ ಶಿಷ್ಯನೇ. ಹೊರಗಿನ ಘಟಕದ ಮುಚ್ಚಳ ಬಿಚ್ಚಿ ತೋರಿಸಿದ. ಅಲ್ಯೂಮಿನಿಯಂ ರೆಕ್ಕೆಗಳು ಬೆರಳು ತಾಗಿದರೆ ಬೂದಿಯಂತೆ ಉದುರುತ್ತಿದ್ದವು. ಉಪ್ಪುಗಾಳಿಯ ತೇವದಲ್ಲಿ ತಾಮ್ರದ ಕೊಳವೆಗೆ ಅಲ್ಯೂಮಿನಿಯಂ ತಗುಲಿಕೊಂಡಿದ್ದರೆ ಅದೊಂದು ಪುಟ್ಟ ವಿದ್ಯುತ್ ಕೋಶವೇ ಆಗಿ ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ಇದನ್ನು ನಾನೇ ಅವನಿಗೆ ಪಾಠ ಮಾಡಿದ್ದೆ. “ಗ್ಯಾಸ್ ತುಂಬಿಸಿದ್ರೆ ಒಂದು ತಿಂಗಳೂ ನಿಲ್ಲುದಿಲ್ಲ ಮಾಷ್ಟ್ರೇ, ಹೊಸತು ತಗೊಳ್ಳಿ” ಎಂದ. ನಾನು ಕೇಳಲಿಲ್ಲ. 3,200 ರೂಪಾಯಿ ಕೊಟ್ಟು ಗ್ಯಾಸ್ ತುಂಬಿಸಿದೆ. ಒಂಬತ್ತು ದಿನ ಬಂತು.

ಆಮೇಲೆ ಹಳೆಯ ಮಾದರಿಯ ಕಾಯಿಲ್ ಹುಡುಕುವುದರಲ್ಲಿ ಹದಿಮೂರು ದಿನ ಕಳೆದೆ. ಕಾಯಿಲಿಗೂ ಕೂಲಿಗೂ 14,000 ಎಂದರು. ಹೊಸತಕ್ಕಿಂತ ಅಗ್ಗವಲ್ಲವೇ ಎಂದು ಪಿಂಚಣಿದಾರನ ಮನಸ್ಸು ಹೇಳಿತು. ಹಳೆಯ ಏಸಿಯಲ್ಲಿದ್ದುದು ಆರ್-22 ಎಂಬ ಅನಿಲ. ಓಝೋನ್ ಪದರಕ್ಕೆ ಕೇಡು ಮಾಡುವ ಅದು 1987ರ ಮಾಂಟ್ರಿಯಲ್ ಒಪ್ಪಂದದಂತೆ ಕ್ರಮೇಣ ಬಳಕೆಯಿಂದ ಸರಿಯುತ್ತಿದೆ. ಹೊಸ ಏಸಿಗಳಲ್ಲಿ ಸಾಮಾನ್ಯವಾಗಿರುವ ಆರ್-32 ಅನ್ನು ಹಳೆಯದಕ್ಕೆ ತುಂಬುವಂತಿಲ್ಲ. ಅದರ ಒತ್ತಡವೇ ಬೇರೆ. ಇಷ್ಟು ಗೊತ್ತಿದ್ದೂ ಮುದಿ ಯಂತ್ರಕ್ಕೆ ಹೊಸ ಅಂಗ ಹುಡುಕುತ್ತಿದ್ದೆ.

ಹದಿಮೂರನೆಯ ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ಪಕ್ಕದಲ್ಲಿ ಪತ್ನಿ ಇರಲಿಲ್ಲ. ಜಗಲಿಯಲ್ಲಿ ಒದ್ದೆ ಬೈರಾಸು ಹೆಗಲಿಗೆ ಹಾಕಿಕೊಂಡು, ಕಂಬಕ್ಕೆ ಒರಗಿ, ಕುಳಿತೇ ಉಸಿರೆಳೆಯುತ್ತಿದ್ದಳು. “ನೀವು ಮಲಗಿ, ನನಗೆ ಅಭ್ಯಾಸ ಆಗಿದೆ” ಎಂದಳು. ಎಷ್ಟು ರಾತ್ರಿಗಳ ಅಭ್ಯಾಸವೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಬೆಳಗಾದೊಡನೆ ಅಂಗಡಿಗೆ ಹೋದೆ.

ಅಂಗಡಿಯವರು ಮತ್ತೆ ಒಂದೂವರೆ ಟನ್ನನ್ನೇ ಮುಂದಿಟ್ಟರು. ನಮ್ಮ ಕೋಣೆ ಹತ್ತಕ್ಕೆ ಹನ್ನೊಂದು ಅಡಿ. ಒಂದು ಟನ್ ಎಂದರೆ ಸುಮಾರು 907 ಕಿಲೋ ಮಂಜುಗಡ್ಡೆಯನ್ನು ಇಪ್ಪತ್ತನಾಲ್ಕು ಗಂಟೆಗಳಲ್ಲಿ ಕರಗಿಸುವಷ್ಟು ಉಷ್ಣವನ್ನು ಹೊರಹಾಕುವ ಸಾಮರ್ಥ್ಯ. ಅದಕ್ಕಿಂತ ದೊಡ್ಡದು ಇಷ್ಟು ಚಿಕ್ಕ ಕೋಣೆಯನ್ನು ಬೇಗನೆ ತಣಿಸಿ, ಬೇಗನೆ ನಿಂತುಬಿಡುತ್ತದೆ. ಗಾಳಿಯಲ್ಲಿನ ತೇವ ಹಾಗೆಯೇ ಉಳಿಯುತ್ತದೆ. ಹಾಸಿಗೆ ತಣ್ಣಗೆ, ಮೈ ಅಂಟಂಟು. ಹದಿನಾಲ್ಕು ವರ್ಷ ನಾವು ಅನುಭವಿಸಿದ್ದು ಇದನ್ನೇ.

ಕರಾವಳಿಯವರು ಏಸಿಗೆ ಕೊಡುವ ಹಣದಲ್ಲಿ ಒಂದು ಪಾಲು ನೀರು ಹಿಂಡಲಿಕ್ಕೆ. ಒಂದು ಲೀಟರ್ ನೀರನ್ನು ಹತ್ತು ಡಿಗ್ರಿ ತಣಿಸಲು ತೆಗೆಯಬೇಕಾದ ಉಷ್ಣ 42 ಕಿಲೋಜೂಲ್. ಗಾಳಿಯಲ್ಲಿ ಆವಿಯಾಗಿರುವ ಅದೇ ಒಂದು ಲೀಟರನ್ನು ನೀರಾಗಿಸಬೇಕಾದರೆ ಸುಮಾರು 2,400. ಗುಪ್ತೋಷ್ಣದ ಪಾಠದ ದಿನ ಹಿಂದಿನ ಬೆಂಚಿನಲ್ಲಿ ತೂಕಡಿಸಿದವರು ಈಗ ಏಸಿಯ ಕೊಳವೆಯ ಕೆಳಗೆ ಬಕೆಟ್ ಇಟ್ಟು ನೋಡಬಹುದು. ಬಳ್ಳಾರಿಯ ಒಣಸೆಕೆಯಲ್ಲಿ ಕೂತು ಕಡಲತೀರದ ಕರೆಂಟು ಬಿಲ್ಲಿಗೆ ಅಚ್ಚರಿಪಡುವ ನನ್ನ ತಮ್ಮನಿಗೂ ಇದೇ ಉತ್ತರ.

ಒಂದು ಟನ್ನಿನ ಇನ್ವರ್ಟರ್ ಏಸಿ 37,000ಕ್ಕೆ ಬಂತು. 2025ರ ಸೆಪ್ಟೆಂಬರ್ 22ರಿಂದ ತೆರಿಗೆ ಶೇ. 28ರಿಂದ 18ಕ್ಕೆ ಇಳಿದದ್ದು ಒಂದು ಸಮಾಧಾನ. ಆದರೆ ಚೀಟಿಯಲ್ಲಿ ಕಾಣದ ಖರ್ಚು ಎಷ್ಟೊಂದು! ತಾಮ್ರದ ಕೊಳವೆ, ಸ್ಟ್ಯಾಂಡು, ಜೋಡಿಸುವ ಕೂಲಿ, ಹೊಸ ವಯರು, ಗೋಡೆಯ ಹಳೆಯ ತೂತು ಮುಚ್ಚಿದ ಗಾರೆಯವನ ಸಂಬಳ ಎಲ್ಲ ಸೇರಿ 9,100. ಹಳೆಯದಕ್ಕೆ ಸಿಕ್ಕಿದ್ದು 2,500. ಒಟ್ಟು 43,600 ಕೈಬಿಟ್ಟಿತು. ಗ್ಯಾಸಿನ 3,200 ನನ್ನ ಹಟದ ಬಾಬ್ತು. ಹತ್ತು ವರ್ಷ ದಾಟಿದ ಏಸಿಯ ಹೊರಗಿನ ಕಾಯಿಲ್ ಉಪ್ಪಿಗೆ ಬಲಿಯಾಯಿತೆಂದರೆ ಅದರ ಮೇಲೆ ಇನ್ನು ಹಣ ಸುರಿಯಬೇಡಿ ಎಂಬುದು ಈಗ ನನ್ನ ಖಚಿತ ಅಭಿಪ್ರಾಯ. ಹೊಸತನ್ನಾದರೂ ತಿಂಗಳಿಗೊಮ್ಮೆ ಸಿಹಿನೀರಿನಿಂದ ತೊಳೆಸಿ.

ಇನ್ನೊಂದು ಖರ್ಚನ್ನು ನಾನು ಯಾವ ಚೀಟಿಯಲ್ಲೂ ಬರೆದಿಲ್ಲ. 1996ರಲ್ಲಿ ತಂದೆಯವರ ಕಾಲದ ಮಂಗಳೂರು ಹೆಂಚಿನ ಮಾಡನ್ನು ಇಳಿಸಿ ತಾರಸಿ ಹಾಕಿಸಿದವನು ನಾನೇ. ಹೆಂಚಿನ ಸಂದುಗಳಲ್ಲಿ ಬಿಸಿಗಾಳಿ ಮೇಲೇರಿ ಹೋಗುತ್ತಿತ್ತು. ಕಾಂಕ್ರೀಟು ಹಗಲೆಲ್ಲ ಬಿಸಿಲು ಕುಡಿದು, ನಾವು ಮಲಗಿದ ಮೇಲೆ ಅದನ್ನು ಕೆಳಕ್ಕೆ ಬಿಡುತ್ತದೆ. ಊರಲ್ಲಿ ಎಲ್ಲರೂ ತಾರಸಿ ಹಾಕಿಸುತ್ತಿದ್ದಾರೆ, ನಮಗೇನು ಕಡಿಮೆ ಎಂಬ ಜಂಬವಲ್ಲದೆ ಬೇರೆ ಕಾರಣ ಆಗ ಇರಲಿಲ್ಲ. ಮರದ ಪಕ್ಕಾಸುಗಳ ಮೇಲೆ ಅಮ್ಮ ಒಣಗಿಸಿಟ್ಟ ಹಪ್ಪಳದ ಡಬ್ಬಗಳಿದ್ದದ್ದು ಮಾತ್ರ ಈಗಲೂ ಕಣ್ಣಿಗೆ ಕಟ್ಟುತ್ತದೆ.

ತಾರಸಿಯ ಮೇಲೆ ನೆರಳಿಗೆ ಹೆಂಚಿನ ಮಾಡು ಕಟ್ಟಿಸಲು ಬಡಗಿಯನ್ನು ಕರೆಸಿದ್ದೇನೆ. ಅವನ ಎಣಿಕೆ ಏಸಿಯ ಬೆಲೆಗಿಂತ ಹೆಚ್ಚೇ ಇದೆ. ಮಗ ಫೋನಿನಲ್ಲಿ, “ಅಪ್ಪ, ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ?” ಎಂದ. ಪತ್ನಿ ಏನೂ ಹೇಳಲಿಲ್ಲ. ಏಸಿಯ ಬಕೆಟ್ಟಿನ ನೀರನ್ನು ಮಲ್ಲಿಗೆಯ ಬುಡಕ್ಕೆ ಹೊಯ್ಯುತ್ತಾ, ಮಾಡಿನ ಇಳಿಜಾರು ಎತ್ತ ಬರುತ್ತದೆಂದು ಬಡಗಿಯನ್ನು ಕೇಳುತ್ತಿದ್ದಳು.